ಹಿಕಮತ್ತಿಗೆ ಒಡೆಯರಾರು?

ಇಳಕಲ್ಲಿನಿಂದ ನನ್ನ ತಂಗಿಯ ಮಗಳು ದೂರವಾಣಿಯಲ್ಲಿ ಕರೆದಾಗ ಇನ್ನೂ ಬೆಳಗಿನ ಆರು ಗಂಟೆ. "ಮಾಮಾ, ಹುಡುಗನ ಮ್ಯಾಲೆ ಕೇಸ್ ಆಗೇದಂತ. ಇವರು ರಾತ್ರಿಯೆಲ್ಲ ನಿದ್ದಿ ಮಾಡಿಲ್ಲ. ನೀವು ಈಗಿಂದೀಗ ಬರ್ರಿ" ಎಂದಳು. ಹದಿನೇಳು ವರ್ಷದ ಹುಡುಗ. ಓದಿನಲ್ಲಿ ನಡುತರ, ನಡತೆಯಲ್ಲಿ ಮೆತ್ತಗೆ. ಅಂಥವನ ಮೇಲೆ ಏನು ಕೇಸು? ಕೇಳಿದರೆ ಅವಳಿಗೂ ತಿಳಿಯದು. "ಆಟದ ಕಳ್ಳತನ ಅಂತ" ಎಂದಷ್ಟೇ ಹೇಳಿ ಅಳತೊಡಗಿದಳು.

ಬಾಗಲಕೋಟೆಯಲ್ಲಿ ಮೂವತ್ತೆಂಟು ವರ್ಷ ವಕೀಲಿ ಮಾಡಿದವನು ನಾನು. ಅದರಲ್ಲಿ ಮುಕ್ಕಾಲು ಪಾಲು ಆಯುಷ್ಯ ಹೋದದ್ದು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಹೊಲಮನೆಗಳ ಪರಿಹಾರದ ದಾವೆಗಳಲ್ಲಿ. ಒಂದು ಎಕರೆ ಎರೆಭೂಮಿಯ ಬೆಲೆ ಎಷ್ಟು, ಒಂದು ಬೇವಿನ ಮರದ ಬೆಲೆ ಎಷ್ಟು ಎಂದು ವಾದಿಸಬಲ್ಲೆ. ಆಟದ ಕಳ್ಳತನದ ವಿಷಯ ನನಗೆ ಹೊಸತು. ಆದರೂ ಗ್ರಂಥಸ್ವಾಮ್ಯದ ಕಾಯಿದೆಯ ಪುಸ್ತಕವೊಂದನ್ನು ಚೀಲದಲ್ಲಿ ಇಟ್ಟುಕೊಂಡು ನವನಗರದ ನಿಲ್ದಾಣದಲ್ಲಿ ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ವಾಡಿಕೆಯಂತೆ ಕರದಂಟು ಕೊಂಡೆ. ಹುನಗುಂದ ದಾಟುವ ಹೊತ್ತಿಗೆ, ಕೇಸು ಎಂದರೆ ಬಹುಶಃ ಯಾವುದೋ ನೋಟೀಸು ಇರಬೇಕು ಎಂಬ ಅನುಮಾನ ಬಂದಿತ್ತು. ಹಾಗೆಯೇ ಆಯಿತು.

ಮನೆಯಲ್ಲಿ ಮಗ್ಗ ನಿಂತಿತ್ತು. ಅದು ಎರಡು ಸಂದರ್ಭಗಳಲ್ಲಿ ಮಾತ್ರ ನಿಲ್ಲುವುದು: ಹಬ್ಬದಲ್ಲಿ, ಸಾವಿನಲ್ಲಿ. ಅಳಿಯ ಗೋಡೆಗೆ ಒರಗಿ ಕುಳಿತಿದ್ದ. ಹುಡುಗ ಅಟ್ಟದಿಂದ ಇಳಿಯಲೊಲ್ಲ. ಅವನ ಕೈದೂರವಾಣಿಯನ್ನು ತಾಯಿ ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು, ಪೋಲೀಸರು ಬಂದರೆ ಸಿಗಬಾರದೆಂದು. ಓಣಿಯ ಒಬ್ಬ ತಿಳಿವಳಿಕಸ್ಥ "ಇದಕ್ಕೆ ಮೂರು ವರ್ಷ ಐತಿ" ಎಂದು ಹೇಳಿ ಹೋಗಿದ್ದನಂತೆ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಾಯಿದೆಯ 63ನೆಯ ಕಲಮಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗಿನ ಸೆರೆಮನೆಯೂ ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗಿನ ದಂಡವೂ ಇವೆ. ಆದರೆ ಯಾವುದಕ್ಕೆ ಇವೆ ಎಂಬುದನ್ನು ಕೇಳದೆ ಶಿಕ್ಷೆಯನ್ನು ಮಾತ್ರ ಹೇಳುವವರು ನಮ್ಮ ಊರುಗಳಲ್ಲಿ ಯಾವಾಗಲೂ ಹೆಚ್ಚು.

ನೋಟೀಸು ಇಂಗ್ಲಿಷಿನಲ್ಲಿತ್ತು. ಹುಡುಗ ಆಡುವ ಆಟವೊಂದರ ಒಡೆಯರ ಪರವಾಗಿ ಯಾರೋ ಮುಖ್ತ್ಯಾರರು ದೂರು ಕೊಟ್ಟಿದ್ದಾರೆ. ಆದ್ದರಿಂದ ಅವನು ಅಂತರ್ಜಾಲದ ತಾಣದಲ್ಲಿ ಇಟ್ಟಿದ್ದ ಎರಡು ವಸ್ತುಗಳನ್ನು ತೆಗೆದುಹಾಕಲಾಗಿದೆ. ಇಂಥದು ಮತ್ತೆ ನಡೆದರೆ ಅವನ ಖಾತೆಯೆಲ್ಲ ಅಳಿಸಿಹೋಗುವುದು. ಕಾನೂನಿನ ಕ್ರಮ ಜರುಗಿಸುವ ಹಕ್ಕು ಒಡೆಯರಿಗೆ ಇದ್ದೇ ಇದೆ. ಇಷ್ಟೇ ಅದರ ಸಾರ. ದಾವೆಯಿಲ್ಲ, ವಾರಂಟಿಲ್ಲ. ಇದನ್ನು ಬಿಡಿಸಿ ಹೇಳಿದ ಮೇಲೆ ತಂಗಿಯ ಮಗಳು ಚಹಕ್ಕೆ ನೀರಿಟ್ಟಳು. ಹುಡುಗ ಅಟ್ಟದಿಂದ ಇಳಿದ.

ಅವನು ಮಾಡಿದ್ದೇನು ಎಂದು ಕೇಳಿದೆ. ಮೊದಲಿಗೆ ತೊದಲಿದ, ಆಟದ ಮಾತು ಬರುತ್ತಲೇ ಅವನ ನಾಲಗೆ ನಮ್ಮ ಸಂತೆಯ ವ್ಯಾಪಾರಿಗಳ ನಾಲಗೆಯಾಯಿತು. ಆ ಆಟದಲ್ಲಿ ಒಂದು ಕಣಿವೆ ಇದೆಯಂತೆ. ಅದನ್ನು ದಾಟಲಾರದೆ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಇವನು ಇಪ್ಪತ್ತು ರಾತ್ರಿ ಆಡಿ, ಯಾವ ಗುಂಡಿಯನ್ನು ಯಾವ ಕ್ರಮದಲ್ಲಿ ಒತ್ತಿದರೆ ದಾರಿ ತೆರೆಯುವುದೆಂದು ಕಂಡುಹಿಡಿದು ನೋಟುಪುಸ್ತಕದಲ್ಲಿ ಬರೆದಿಟ್ಟ. ಆಮೇಲೆ ಅದನ್ನು ನಮ್ಮ ಭಾಗದ ಮಾತಿನಲ್ಲಿಯೇ ಹೇಳಿ, ಆಟದ ಕೆಲವು ಚಿತ್ರಗಳನ್ನು ಜತೆಗೆ ತೋರಿಸಿ, ತಾಣದಲ್ಲಿ ಇಟ್ಟ. ಇಂಗ್ಲಿಷು ಬಾರದ ಹುಡುಗರು, ಗಜೇಂದ್ರಗಡದವರು, ಸಿಂಧನೂರಿನವರು, ಅದನ್ನು ನೋಡಿ ಕಣಿವೆ ದಾಟಿದರು. "ಚೀಟ್ ಅಂತಾರ ಅಜ್ಜಾ. ಆದ್ರ ಇದು ಮೋಸ ಅಲ್ಲ, ಹಿಕಮತ್ತು" ಎಂದ.

ಇದು ಮೊದಲನೆಯ ವಸ್ತು. ಎರಡನೆಯದರ ವಿಷಯಕ್ಕೆ ಬಂದಾಗ ದನಿ ಇಳಿಯಿತು. ಯಾರೋ ಮಾರ್ಪಡಿಸಿದ ಆಟದ ಪ್ರತಿಯೊಂದು ಅವನ ಕೈಗೆ ಬಂದಿತ್ತು. ಅದರಲ್ಲಿ ಪ್ರಾಣ ಕಳೆಯುವುದಿಲ್ಲ, ಹಣ ತೀರುವುದಿಲ್ಲ, ಕೊಂಡು ಪಡೆಯಬೇಕಾದ ಉಡುಪು ಆಯುಧಗಳೆಲ್ಲ ಪುಕ್ಕಟೆ. ಅದನ್ನೂ ಹಂಚಿದ್ದ.

ಇವೆರಡರ ನಡುವಣ ಅಂತರವೇ ಈ ವಿಷಯದ ಹೃದಯ. ಆದರೆ ನೋಟೀಸು ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿತ್ತು.

ಗ್ರಂಥಸ್ವಾಮ್ಯವೆಂಬುದು ಏನನ್ನು ಕಾಯುತ್ತದೆ? ನಮ್ಮ ಈಗಿನ ಕಾಯಿದೆ 1957ರದು; ಜಾರಿಗೆ ಬಂದದ್ದು 1958ರ ಜನವರಿ 21ರಂದು. 1984ರ ತಿದ್ದುಪಡಿಯಿಂದ ಗಣಕಯಂತ್ರದ ಕ್ರಮವಿಧಿಯನ್ನು ಅದರಲ್ಲಿ ಸಾಹಿತ್ಯಕೃತಿಗಳ ಸಾಲಿಗೆ ಸೇರಿಸಿದರು. ಈ ಪುಟದ ವಾಚಕರಿಗೆ ಇದು ವಿನೋದವಾಗಿ ಕಂಡೀತು: ಕಾಯಿದೆಯ ಪಂಕ್ತಿಯಲ್ಲಿ ಕವಿಯ ಪಕ್ಕದ ಎಲೆಗೆ ಆಟದ ಯಂತ್ರಲಿಪಿಯನ್ನು ಬರೆದವನೂ ಕುಳಿತಿದ್ದಾನೆ. ಕುಳಿತರೇನು, ಊಟ ಒಂದೇ; ನಿಯಮವೂ ಒಂದೇ. ಕಾಯಿದೆ ಕಾಯುವುದು ಹೇಳಿದ ರೀತಿಯನ್ನು, ಹೇಳಿದ ವಿಚಾರವನ್ನಲ್ಲ.

ಇದು ನಮ್ಮ ಸುಪ್ರೀಂ ಕೋರ್ಟು 1978ರಲ್ಲಿ ಸ್ಪಷ್ಟಪಡಿಸಿದ ಮಾತು. ಆರ್. ಜಿ. ಆನಂದ್ ಎಂಬವರು 'ಹಮ್ ಹಿಂದುಸ್ತಾನಿ' ಎಂಬ ನಾಟಕವನ್ನು ಬರೆದಿದ್ದರು. ಪ್ರಾಂತೀಯ ಭೇದಬುದ್ಧಿಯನ್ನು ಅಣಕಿಸುವ ಕಥೆ. 1956ರಲ್ಲಿ 'ನ್ಯೂ ದೆಹಲಿ' ಎಂಬ ಚಲಚ್ಚಿತ್ರ ಬಂದಾಗ ತಮ್ಮ ನಾಟಕವನ್ನೇ ಕದ್ದಿದ್ದಾರೆಂದು ದಾವೆ ಹೂಡಿದರು. ಸೋತರು. ಒಂದೇ ವಿಚಾರವನ್ನು ಇಬ್ಬರು ಬೇರೆ ಬೇರೆಯಾಗಿ ಹೆಣೆಯಬಹುದು, ವಿಚಾರದ ಮೇಲೆ ಯಾರಿಗೂ ಸ್ವಾಮ್ಯವಿಲ್ಲ ಎಂದಿತು ನ್ಯಾಯಾಲಯ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ, 1879ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಲೆಕ್ಕ ಬರೆಯುವ ಪದ್ಧತಿಯೊಂದರ ವ್ಯಾಜ್ಯ ಬಂದಿತ್ತು. ಸೆಲ್ಡನ್ ಎಂಬಾತ ಕಿರ್ದಿ ಖಾತೆಯ ಹೊಸ ಕ್ರಮವನ್ನು ವಿವರಿಸಿ ಪುಸ್ತಕ ಬರೆದಿದ್ದ. ಬೇಕರ್ ಎಂಬಾತ ಅದೇ ಬಗೆಯ ಖಾತೆಪುಸ್ತಕಗಳನ್ನು ಮಾಡಿ ಮಾರಿದ. ಪುಸ್ತಕದ ಮಾತುಗಳಿಗೆ ಸ್ವಾಮ್ಯವುಂಟು, ಅದು ಕಲಿಸಿದ ಪದ್ಧತಿಗೆ ಇಲ್ಲ ಎಂದು ತೀರ್ಪಾಯಿತು. ಇಳಕಲ್ಲಿನ ಯಾವ ಅಂಗಡಿಕಾರನಾದರೂ ಇದನ್ನು ಒಪ್ಪುವನು: ಲೆಕ್ಕ ಬರೆಯುವ ಹಿಕಮತ್ತು ಕಲಿತವನದು.

ಹಾಗಿದ್ದ ಮೇಲೆ ಗುಂಡಿಗಳನ್ನು ಒತ್ತುವ ಕ್ರಮವನ್ನು ತನ್ನ ಮಾತಿನಲ್ಲಿ ಹೇಳಿದ ಹುಡುಗ ಯಾರ ಕೃತಿಯನ್ನು ಕದ್ದ? ಜಗತ್ತಿನಲ್ಲಿ ಬಹು ಪ್ರಸಿದ್ಧವಾದ ಚೀಟ್ ಒಂದರ ಹುಟ್ಟಿನ ಕಥೆ ಇಲ್ಲಿ ನೆನಪಾಗುತ್ತದೆ. ಜಪಾನಿನ ಕೊನಾಮಿ ಸಂಸ್ಥೆಯಲ್ಲಿ ಕಝುಹಿಸಾ ಹಾಷಿಮೋಟೋ ಎಂಬ ಕ್ರಮವಿಧಿಕಾರ 1986ರಲ್ಲಿ 'ಗ್ರಾಡಿಯಸ್' ಎಂಬ ಆಟವನ್ನು ಮನೆಯ ಯಂತ್ರಕ್ಕೆ ಹೊಂದಿಸುತ್ತಿದ್ದ. ಆಟ ಎಷ್ಟು ಕಠಿನವೆಂದರೆ, ಪರೀಕ್ಷೆಗಾಗಿ ಆಡಬೇಕಾದ ಅವನಿಗೇ ಕೊನೆ ಮುಟ್ಟಲಾಗಲಿಲ್ಲ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಆಮೇಲೆ ಎರಡು ಗುಂಡಿ: ಇಷ್ಟನ್ನು ಒತ್ತಿದರೆ ಎಲ್ಲ ಶಕ್ತಿಯೂ ಕೈಗೆ ಬರುವಂತೆ ತನಗಾಗಿ ಒಂದು ಹಿಂಬಾಗಿಲು ಇಟ್ಟುಕೊಂಡ. ತೆಗೆಯದೆ ಉಳಿದ ಆ ಬಾಗಿಲು ಬಾಯಿಂದ ಬಾಯಿಗೆ ಹರಡಿ ಲೋಕದ ಮಕ್ಕಳಿಗೆಲ್ಲ ಬಾಯಿಪಾಠವಾಯಿತು. 2020ರಲ್ಲಿ ಅವನು ತೀರಿಕೊಂಡಾಗ, ಅವನ ಆಟಗಳಿಗಿಂತ ಹೆಚ್ಚಾಗಿ ಈ ಹತ್ತು ಒತ್ತುಗಳನ್ನೇ ಜನ ನೆನೆದರು.

ಬಾಯಿಮಾತಿನ ಗುಟ್ಟು ಹೀಗಾಯಿತು; ಆಟದ ಒಳಕ್ಕೇ ಕೈಹಾಕುವ ಉಪಕರಣದ ವಿಷಯವೇನು? ಇದೂ ಕೋರ್ಟು ಹತ್ತಿದೆ. 'ಗೇಮ್ ಜೀನಿ' ಎಂಬ ಸಣ್ಣ ಯಂತ್ರವನ್ನು ಅಮೆರಿಕದ ಗಲೂಬ್ ಎಂಬ ಆಟಿಕೆಯ ಕಂಪನಿ ಮಾರತೊಡಗಿದಾಗ ನಿಂಟೆಂಡೋ ಕಂಪನಿ ತಡೆಯಾಜ್ಞೆ ತಂದಿತು. ಆ ಯಂತ್ರವನ್ನು ಆಟದ ಡಬ್ಬಿಗೂ ಯಂತ್ರಕ್ಕೂ ನಡುವೆ ಸಿಕ್ಕಿಸಿದರೆ ನಾಯಕನಿಗೆ ಆಯುಷ್ಯ ಹೆಚ್ಚುತ್ತಿತ್ತು. ಆಟದ ಡಬ್ಬಿ ಮಾತ್ರ ಇದ್ದಂತೆಯೇ ಇರುತ್ತಿತ್ತು. 1991ರಲ್ಲಿ ಕೆಳಗಿನ ಕೋರ್ಟಿನಲ್ಲಿಯೂ 1992ರಲ್ಲಿ ಮೇಲಿನ ಕೋರ್ಟಿನಲ್ಲಿಯೂ ನಿಂಟೆಂಡೋ ಸೋತಿತು. ಪುಸ್ತಕ ಕೊಂಡವನು ಪುಟ ಹಾರಿಸಿ ಓದಿದರೆ ಹೊಸ ಗ್ರಂಥ ಬರೆದಂತಾಗುವುದೇ ಎಂಬ ಧಾಟಿಯ ತರ್ಕ ಅದು. ಅಷ್ಟಕ್ಕೇ ಮುಗಿಯಲಿಲ್ಲ, ತಡೆಯಾಜ್ಞೆಯಿಂದ ಗಲೂಬಿಗೆ ಆದ ನಷ್ಟಕ್ಕೆಂದು ಒಂದೂವರೆ ಕೋಟಿ ಡಾಲರನ್ನು ನಿಂಟೆಂಡೋ ತೆರಬೇಕಾಯಿತು. ದೊಡ್ಡವರು ಸುಮ್ಮನೆ ಬೆದರಿಸಿದರೆ ಅದಕ್ಕೂ ಬೆಲೆ ಉಂಟು ಎಂಬುದನ್ನು ನೋಡಿ ನನ್ನಂಥ ತಾಲೂಕಾ ವಕೀಲನಿಗೆ ಸಂತೋಷವಾಗುವುದು ಸಹಜ.

ಯುರೋಪಿನಲ್ಲಿ ಇದೇ ಬಗೆಯ ವ್ಯಾಜ್ಯ ಈಚೆಗೆ ತೀರಿತು. ಸೋನಿ ಕಂಪನಿಯ ಕೈಯಾಟದ ಯಂತ್ರದಲ್ಲಿ ಓಟದ ಗಾಡಿಗೆ ಎಣೆಯಿಲ್ಲದ ವೇಗ ಕೊಡುವ ಸಾಧನವನ್ನು ಡೇಟೆಲ್ ಎಂಬ ಕಂಪನಿ ಮಾರುತ್ತಿತ್ತು. ಅದು ಕ್ರಮವಿಧಿಯ ಒಂದು ಅಕ್ಷರವನ್ನೂ ತಿದ್ದುವುದಿಲ್ಲ. ಆಟ ನಡೆಯುವಾಗ ಯಂತ್ರದ ನೆನಪಿನಲ್ಲಿ ಕ್ಷಣಕಾಲ ಇರುವ ಸಂಖ್ಯೆಗಳನ್ನು ಮಾತ್ರ ಬದಲಿಸುತ್ತದೆ. ಇದು ಕ್ರಮವಿಧಿಯ ಸ್ವಾಮ್ಯಕ್ಕೆ ಭಂಗವಲ್ಲವೆಂದು ಯುರೋಪು ಒಕ್ಕೂಟದ ನ್ಯಾಯಾಲಯ 2024ರ ಅಕ್ಟೋಬರ್ 17ರಂದು ಹೇಳಿತು.

ಇಷ್ಟು ಕೇಳಿ ಹುಡುಗನ ಮುಖ ಅರಳಿತು. ಅರಳಲು ಬಿಡಲಿಲ್ಲ. ಎರಡನೆಯ ವಸ್ತುವಿನ ಕಥೆ ಬೇರೆ. 'ಡ್ಯೂಕ್ ನ್ಯೂಕೆಮ್' ಎಂಬ ಆಟಕ್ಕೆ ಆಡುವವರೇ ಹೊಸ ಹೊಸ ಹಂತಗಳನ್ನು ಕಟ್ಟಿ ಹಂಚಿಕೊಳ್ಳುತ್ತಿದ್ದರು; ಅಂಥ ಮುನ್ನೂರನ್ನು ಒಟ್ಟುಮಾಡಿ ಮಾರಿದ ಕಂಪನಿ 1998ರಲ್ಲಿ ಸೋತಿತು, ಏಕೆಂದರೆ ಅದು ಮೂಲಕಥೆಯ ಮುಂದಿನ ಅಧ್ಯಾಯಗಳನ್ನು ಅಪ್ಪಣೆಯಿಲ್ಲದೆ ಪ್ರಕಟಿಸಿದಂತೆ ಎಂದರು. ನಮ್ಮ ಹುಡುಗ ಹಂಚಿದ್ದು ಅಷ್ಟೂ ಅಲ್ಲ. ಇಡೀ ಆಟದ ಪ್ರತಿ, ಬೀಗ ಮುರಿದ ಪ್ರತಿ. ನಮ್ಮ ಕಾಯಿದೆ ಕ್ರಮವಿಧಿಯನ್ನು ಕೊಂಡವನಿಗೆ ಕೆಲವು ಸ್ವಾತಂತ್ರ್ಯಗಳನ್ನು ಕೊಟ್ಟಿದೆ. 52ನೆಯ ಕಲಮಿನ ಪ್ರಕಾರ ಅದು ಹೇಗೆ ನಡೆಯುತ್ತದೆಂದು ನೋಡಬಹುದು, ಅಭ್ಯಸಿಸಬಹುದು, ಪರೀಕ್ಷಿಸಬಹುದು. ಪ್ರತಿ ಮಾಡಿ ಊರಿಗೆಲ್ಲ ಹಂಚುವ ಸ್ವಾತಂತ್ರ್ಯ ಅಲ್ಲಿಲ್ಲ. ಅಲ್ಲದೆ 2012ರಲ್ಲಿ 65ಎ ಎಂಬ ಹೊಸ ಕಲಮು ಸೇರಿತು: ಸ್ವಾಮ್ಯಭಂಗದ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆಮನೆ. 'ಉದ್ದೇಶದಿಂದ' ಎಂಬ ಆ ಒಂದು ಪದವನ್ನು ನಮ್ಮ ಶಾಸನಕಾರರು ಇಟ್ಟದ್ದು ಒಳ್ಳೆಯದಾಯಿತು; ಅಭ್ಯಾಸಕ್ಕಾಗಿ ಕುತೂಹಲಪಟ್ಟವನು ಅದರಿಂದ ಉಳಿದುಕೊಂಡಾನು. ಹಂಚಿದವನು ಉಳಿಯುವುದು ಕಷ್ಟ.

"ಅದನ್ನು ಮತ್ತೆಲ್ಲೂ ಇಡಬೇಡ, ಇದ್ದಲ್ಲಿ ಅಳಿಸು" ಎಂದೆ. "ಮಂದಿ ಎಲ್ಲಾ ಮಾಡ್ತಾರಲ್ಲ ಅಜ್ಜಾ" ಎಂದ. ಮಂದಿಯ ವಕಾಲತ್ತು ನನ್ನ ಬಳಿ ಇರಲಿಲ್ಲ. ಅಕ್ಕಿಯ ಡಬ್ಬಿಯಿಂದ ಕೈದೂರವಾಣಿ ಹೊರಬಂತು. ಅವನು ನನ್ನ ಎದುರಿಗೇ ಅಳಿಸಿದ.

ಇಷ್ಟಾದ ಮೇಲೂ ಒಂದು ತಕರಾರು ಉಳಿಯಿತು. ಅದನ್ನು ಎತ್ತಿದವಳು ಅವನ ತಾಯಿ. "ಕಾಯಿದೇದಾಗ ತಪ್ಪಲ್ಲ ಅಂದ್ರ ಮೋಸ ಮಾಡಬಹುದಾ?" ಎಂದಳು. ಉತ್ತರವಾಗಿ ನನ್ನ ಬಾಲ್ಯದ ಸಂಗತಿಯೊಂದನ್ನು ಹೇಳಿದೆ. ನಾನು ಬೆಳೆದದ್ದು ಬಾದಾಮಿಯಲ್ಲಿ. ಬೇಸಗೆಯ ರಜೆಯಲ್ಲಿ ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಇದ್ದಲಿನಿಂದ ಮನೆಗಳನ್ನು ಬರೆದು ಚೌಕಾಬಾರ ಆಡುತ್ತಿದ್ದೆವು. ನಮ್ಮ ಓಣಿಯ ಮುದುಕಿಯೊಬ್ಬಳಿಗೆ ಬೇಕೆಂದಾಗ ನಾಲ್ಕು ಕವಡೆಗಳನ್ನೂ ಅಂಗಾತ ಬೀಳಿಸುವ ಕೈ ಇತ್ತು. ಅದನ್ನು ಅವಳು ಬಚ್ಚಿಡಲಿಲ್ಲ. ಕವಡೆಯನ್ನು ಅಂಗೈಯಲ್ಲಿ ಹೇಗೆ ಹೊರಳಿಸಬೇಕು, ಮಣಿಕಟ್ಟನ್ನು ಎಲ್ಲಿ ತಡೆಯಬೇಕು ಎಂದು ಕೇಳಿದವರಿಗೆಲ್ಲ ಕಲಿಸಿದಳು. ಮೂರು ವಾರದಲ್ಲಿ ಓಣಿಯ ಮಕ್ಕಳಿಗೆಲ್ಲ ಅದು ಬಂತು, ಆಟ ಕೆಟ್ಟಿತು, ಆಗ ನಾವೇ ಕೂಡಿ ಕವಡೆಯನ್ನು ಕರಟದಲ್ಲಿ ಹಾಕಿ ಕುಲುಕಿ ಎಸೆಯಬೇಕೆಂದು ಹೊಸ ಕಟ್ಟಳೆ ಮಾಡಿಕೊಂಡೆವು. ಒಬ್ಬನಿಗೇ ಗೊತ್ತಿದ್ದರೆ ಅದು ಮೋಸ, ಎಲ್ಲರಿಗೂ ಗೊತ್ತಾದರೆ ಅದು ಆಟದ ಒಂದು ಭಾಗ. ಹುಡುಗ ಒಬ್ಬನೇ ಕುಳಿತು ಕಣಿವೆ ದಾಟುವಾಗ ಯಾರಿಗೆ ಮೋಸ? ಎದುರಿಗೆ ಮತ್ತೊಬ್ಬ ಕುಳಿತು ಆಡುವಾಗ ಮಾತು ಬೇರೆಯಾಗುತ್ತದೆ. ಆದರೆ ಅಲ್ಲಿ ಮುರಿಯುವುದು ಆಡುವವರ ನಡುವಣ ಒಪ್ಪಂದ, ಗ್ರಂಥಸ್ವಾಮ್ಯವಲ್ಲ. ಅಮೆರಿಕದಲ್ಲಿ 2010ರಲ್ಲಿ, ತಾನೇ ಆಡುತ್ತ ಹೋಗುವ ಯಂತ್ರವೊಂದರ ವ್ಯಾಜ್ಯದಲ್ಲಿ, ನ್ಯಾಯಾಲಯ ಈ ಎರಡನ್ನೂ ಬಿಡಿಸಿಟ್ಟಿತು: ಆಟದ ಕಟ್ಟಳೆ ಮುರಿದ ಮಾತ್ರಕ್ಕೆ ಗ್ರಂಥಸ್ವಾಮ್ಯ ಮುರಿದಂತಲ್ಲ ಎಂದಿತು, ಆದರೆ ಕಾವಲಿಗಿಟ್ಟ ಬೀಗವನ್ನು ತಪ್ಪಿಸಿಕೊಂಡದ್ದಕ್ಕೆ ಆ ಯಂತ್ರದವರನ್ನು ಬಿಡಲಿಲ್ಲ.

ಈ ವರೆಗೆ ಅಳಿಯ ಒಂದು ಮಾತನ್ನೂ ಆಡಿರಲಿಲ್ಲ. ಈಗ ಎದ್ದು, ಕಪಾಟಿನಿಂದ ಎರಡು ಸೀರೆಗಳನ್ನು ತಂದು ನನ್ನ ಮುಂದೆ ಹಾಸಿದ.

ಇಳಕಲ್ಲಿನ ಸೀರೆಯನ್ನು ಉಡದ ಮನೆ ನಮ್ಮಲ್ಲಿ ಇಲ್ಲ. ಆದರೆ ಅದನ್ನು ಹೇಗೆ ನೇಯುತ್ತಾರೆಂದು ನೋಡಿದವರು ಕಡಿಮೆ. ಮೈಯ ಹಾಸು ಒಂದು ನೂಲಿನದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಬೇರೆ ಬೇರೆಯಾಗಿ ಹೂಡಿ, ಎಳೆ ಎಳೆಗೂ ಕೊಂಡಿ ಹಾಕಿ ಜೋಡಿಸುತ್ತಾರೆ. ಒಂದೊಂದು ಸೀರೆಗೂ ಈ ಜೋಡಣೆ ಹೊಸದಾಗಿ ಆಗಬೇಕು. ಇದಕ್ಕೆ ತೋಪು ತೆನೆ ಎನ್ನುವರು. ಸೆರಗಿನಲ್ಲಿ ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿಯವು. ಅವುಗಳ ಅಂಚಿನಲ್ಲಿ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ. ಇವುಗಳಿಗೆ ಕರ್ತೃವಿಲ್ಲ, ತಲೆತಲಾಂತರದಿಂದ ಬಂದವು. ಆದರೆ ಅಳಿಯ ತೋರಿಸಿದ ಮೊದಲನೆಯ ಸೀರೆಯ ದಡಿಯಲ್ಲಿ ಅವನೇ ಕಟ್ಟಿದ ಒಂದು ಹೊಸ ಚಿತ್ತಾರವಿತ್ತು: ಹಳೆಯ ಗೋಮಿಯ ಗೆರೆಗಳ ನಡುವೆ ಹಕ್ಕಿಯ ಹೆಜ್ಜೆಯಂಥ ಒಂದು ಗುರುತು. ಒಂದು ಮಳೆಗಾಲವೆಲ್ಲ ಕುಳಿತು ಎಳೆ ಎಣಿಸಿ ಅದನ್ನು ಸಾಧಿಸಿದ್ದನಂತೆ. ಮನೆಗೆ ಬಂದ ಒಬ್ಬ ವ್ಯಾಪಾರಿಗೆ ಅಭಿಮಾನದಿಂದ ತೋರಿಸಿದ. ಅವನು ಕೇಳಿದನೆಂದು ಹೇಗೆ ಮಾಡಿದೆನೆಂಬುದನ್ನೂ ಹೇಳಿದ. ಆರು ತಿಂಗಳಿಗೆ ಅದೇ ಹಕ್ಕಿಯ ಹೆಜ್ಜೆ ವಿದ್ಯುತ್ ಮಗ್ಗದ ಬಟ್ಟೆಯ ಮೇಲೆ ಪೇಟೆಗೆ ಬಂತು, ಅರ್ಧಕ್ಕಿಂತ ಕಡಿಮೆ ಬೆಲೆಗೆ. ಎರಡನೆಯ ಸೀರೆ ಅದು. ದುಡ್ಡು ಕೊಟ್ಟು ಕೊಂಡು ತಂದಿಟ್ಟುಕೊಂಡಿದ್ದಾನೆ.

"ಹುಡುಗ ಹತ್ತು ಗುಂಡಿ ಒತ್ತಿದ್ದು ಹೇಳಿದ್ದಕ್ಕ ಸಮುದ್ರದಾಚೆಯಿಂದ ನೋಟೀಸು ಬಂತು" ಎಂದ. "ನನ್ನ ದಡಿಗೆ ಯಾರು ನೋಟೀಸು ಕೊಡೋರು, ಮಾಮಾ?"

ವಕೀಲನಾದವನಿಗೆ ಸುಳ್ಳು ಸಮಾಧಾನ ಹೇಳುವ ಚಾಳಿ ಇರಬಾರದು. ಕಾಯಿದೆಯ ಪುಸ್ತಕ ತೆರೆದು 15ನೆಯ ಕಲಮು ತೋರಿಸಿದೆ. ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಿಸದೆ, ಅದನ್ನು ಧರಿಸಿದ ವಸ್ತುವನ್ನು ಐವತ್ತಕ್ಕಿಂತ ಹೆಚ್ಚು ಬಾರಿ ತಯಾರಿಸಿದರೆ ಅದರ ಗ್ರಂಥಸ್ವಾಮ್ಯ ಅಲ್ಲಿಗೇ ಮುಗಿಯಿತು. ಕವಿಯ ಹಕ್ಕು ಅವನು ಸತ್ತ ಮೇಲೂ ಅರವತ್ತು ವರ್ಷ ಬಾಳುತ್ತದೆ. ಮೊದಲು ಐವತ್ತು ಇತ್ತು, ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯಬಂದಾಗ 1992ರಲ್ಲಿ ಹತ್ತು ವರ್ಷ ಹೆಚ್ಚಿಸಿದರು. ನೇಕಾರನ ಹಕ್ಕು ಐವತ್ತೊಂದನೆಯ ಸೀರೆಯ ಹೊತ್ತಿಗೆ ಸಾಯುತ್ತದೆ. ಅವನು ನೋಂದಿಸಬಹುದಿತ್ತಲ್ಲವೆ ಎಂದರೆ, ಹೌದು; 2000ದ ವಿನ್ಯಾಸಗಳ ಕಾಯಿದೆಯಲ್ಲಿ ಹತ್ತು ವರ್ಷ, ಮತ್ತೆ ಐದು ವರ್ಷ ರಕ್ಷಣೆ ಉಂಟು. ಆದರೆ ವಿನ್ಯಾಸ ಹೊಸದಾಗಿರಬೇಕು. ಅರ್ಜಿ ಹಾಕುವ ಮೊದಲೇ ಪೇಟೆಗೆ ಬಂದಿರಕೂಡದು. ಮೊದಲು ನೇಯ್ದು, ಮಾರಿ, ಮೆಚ್ಚಿಸಿಕೊಂಡು ಆಮೇಲೆ ಕಚೇರಿಗೆ ಹೋದವನಿಗೆ ಬಾಗಿಲು ಮುಚ್ಚಿರುತ್ತದೆ.

"ಸರಕಾರ ನಮ್ಮ ಸೀರಿಗೆ ಹೆಸರಿನ ಹಕ್ಕು ಕೊಟ್ಟೈತಿ ಅಂತಾರ?" ಕೊಟ್ಟಿದೆ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯಲ್ಲಿ ಇಳಕಲ್ಲಿನ ಸೀರೆ ನೋಂದಾಯಿತವಾಗಿದೆ. ಅದು ಕಾಯುವುದು ಹೆಸರನ್ನು; ಬೇರೆಡೆಯ ಬಟ್ಟೆಗೆ ಇಳಕಲ್ಲಿನ ಸೀರೆ ಎಂದು ಚೀಟಿ ಅಂಟಿಸಿದರೆ ತಪ್ಪು. ಕೊಂಡಿ ಹಾಕುವ ಹಿಕಮತ್ತನ್ನಾಗಲಿ ಹಕ್ಕಿಯ ಹೆಜ್ಜೆಯನ್ನಾಗಲಿ ಅದು ಕಾಯುವುದಿಲ್ಲ. ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಟ್ಟ 1985ರ ಕಾಯಿದೆಯೂ ಇದೆ. ಸುಪ್ರೀಂ ಕೋರ್ಟು ಅದನ್ನು 1993ರಲ್ಲಿ ಎತ್ತಿಹಿಡಿಯಿತು. ಇಳಕಲ್ಲಿನ ಓಣಿಗಳಲ್ಲಿ ನಡೆಯುವಾಗ ಯಾವ ಮಗ್ಗದ ಸದ್ದು ಹೆಚ್ಚು ಕೇಳುವುದೆಂಬುದನ್ನು ಓದುಗರು ಹೋಗಿ ಕೇಳಬಹುದು.

ಅಳಿಯನಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. "ಅಂದ್ರ ಹೇಳಿಕೊಡಬಾರದು ಅಂತಾಯ್ತು" ಎಂದ. ಹುಡುಗ ಥಟ್ಟನೆ "ಹಂಗಾದ್ರ ನಿಮಗ ಕೊಂಡಿ ಹಾಕೋದು ಯಾರು ಹೇಳಿಕೊಟ್ರು ಅಪ್ಪಾ?" ಎಂದ. ತಂದೆ ಉತ್ತರ ಕೊಡಲಿಲ್ಲ. ಎಲ್ಲರಿಗೂ ಗೊತ್ತು: ಅವನು ಹತ್ತು ವರ್ಷದವನಾಗಿ ತಂದೆಯನ್ನು ಕಳೆದುಕೊಂಡವನು, ಕೈಹಿಡಿದು ಕಲಿಸಿದವನು ಪಕ್ಕದ ಮನೆಯ ನೇಕಾರ, ಬಂಧುವಲ್ಲ, ಬಳಗವಲ್ಲ.

ಮರುದಿನ ಬಾಗಲಕೋಟೆಗೆ ಮರಳುವ ದಾರಿಯಲ್ಲಿ ಮನಸ್ಸು ತಡೆಯದೆ ಅಮೀನಗಡದಲ್ಲಿ ಇಳಿದು ಐಹೊಳೆಗೆ ಹೋದೆ. ಮೇಗುಟಿಯ ಗುಡ್ಡ ಹತ್ತುವ ವಯಸ್ಸು ನನ್ನದಲ್ಲ, ಆದರೂ ಹತ್ತಿದೆ. ಅಲ್ಲಿಯ ಜಿನಾಲಯದ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ಬರೆಯಿಸಿದ ಶಾಸನವಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನೆಲ್ಲ ಹೊಗಳಿ, ಕೊನೆಗೆ ತಾನು ಕಾಳಿದಾಸ ಭಾರವಿಗಳ ಕೀರ್ತಿಗೆ ಸಮನಾದವನೆಂದು ಕವಿ ತನ್ನ ಹೆಸರನ್ನು ಕೆತ್ತಿಸಿಕೊಂಡಿದ್ದಾನೆ. ಕಾವ್ಯದ ಪಟ್ಟುಗಳನ್ನು ಆ ಹಿರಿಯರಿಂದಲೇ ಕಲಿತಿದ್ದನೆಂಬುದು ವಿದ್ವಾಂಸರಿಗೆ ತಿಳಿದ ಮಾತು. ಅದನ್ನು ಅವನೇನೂ ಮುಚ್ಚಿಡಲಿಲ್ಲ, ಹೆಸರು ಹಿಡಿದೇ ಹೇಳಿದ. ಬಾದಾಮಿ ತಾಲೂಕಿನ ಪಟ್ಟದಕಲ್ಲಿನಲ್ಲಿ, ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷನ ಗುಡಿಯಲ್ಲಿ, ಗುಂಡನೆಂಬ ಸೂತ್ರಧಾರಿಯ ಹೆಸರಿದೆ, ಬಿರುದಿದೆ. ಆ ಗುಡಿಯ ಕಟ್ಟೋಣದಲ್ಲಿ ಕಂಚಿಯ ಕೈಲಾಸನಾಥನ ಗುಡಿಯ ರೀತಿಯನ್ನು ಪಂಡಿತರು ಗುರುತಿಸಿದ್ದಾರೆ. ರೀತಿ ಅಲ್ಲಿಂದ ಬಂತು, ಹೆಸರು ಇಲ್ಲಿಯವನದು. ಅವರಿಗೆ ಬೇಕಾಗಿದ್ದದ್ದು ಹೆಸರು. ಹಿಕಮತ್ತಿಗೆ ಬೇಲಿ ಹಾಕಿದಂತೆ ಕಾಣುವುದಿಲ್ಲ. ಅವರಿಗೆ ರಾಜಾಶ್ರಯವಿತ್ತು, ವಿದ್ಯುತ್ ಮಗ್ಗದ ಪೈಪೋಟಿ ಇರಲಿಲ್ಲ ಎಂದು ಅಳಿಯ ಹೇಳಿಯಾನು. ಹೇಳಿದರೆ ಅವನ ಮಾತೂ ಸರಿಯೆ.

ಬಾಗಲಕೋಟೆಗೆ ಬಂದು ನೋಟೀಸಿಗೆ ಉತ್ತರ ಬರೆದೆ. ಮಾರ್ಪಡಿಸಿದ ಪ್ರತಿಯ ವಿಷಯದಲ್ಲಿ ತಪ್ಪು ಒಪ್ಪಿಕೊಂಡೆವು; ಅಳಿಸಿದ್ದೇವೆ, ಮತ್ತೆ ಹಂಚುವುದಿಲ್ಲ ಎಂದೆವು. ಹಿಕಮತ್ತನ್ನು ಹೇಳಿದ ಮಾತಿನ ವಿಷಯದಲ್ಲಿ ಒಪ್ಪಲಿಲ್ಲ. ಆಡುವ ಕ್ರಮಕ್ಕೆ ಸ್ವಾಮ್ಯವಿಲ್ಲ. ಜತೆಗೆ ತೋರಿಸಿದ ಚಿತ್ರಗಳು ಆಟದ ವಿಮರ್ಶೆಗೆ ಬೇಕಾದಷ್ಟೇ. ಚಿತ್ರಗಳ ಸಂಬಂಧವಾಗಿ ಎದುರು ಪಕ್ಷಕ್ಕೆ ವಾದಿಸಲು ಒಂದಿಷ್ಟು ಎಡೆಯಿದೆ ಎಂಬುದನ್ನು ಹುಡುಗನಿಗೆ ಮುಚ್ಚಿಡದೆ ತಿಳಿಸಿದೆ. ನಮ್ಮ ಕಾಯಿದೆಯಲ್ಲಿ ಇಂಥ ದೂರಿನ ಮೇಲೆ ವಸ್ತುವನ್ನು ಇಪ್ಪತ್ತೊಂದು ದಿನ ತಡೆಹಿಡಿಯಲು ಅವಕಾಶವುಂಟು. ಅಷ್ಟರಲ್ಲಿ ದೂರುದಾರ ನ್ಯಾಯಾಲಯದ ಆಜ್ಞೆ ತರದಿದ್ದರೆ ಮತ್ತೆ ತೆರೆಯಲು ಅಡ್ಡಿಯಿಲ್ಲ. ಬುಡವಿಲ್ಲದ ಬೆದರಿಕೆ ಹಾಕಿದವರ ಮೇಲೆ ತಿರುಗಿ ದಾವೆ ಹೂಡುವುದಕ್ಕೆ 60ನೆಯ ಕಲಮಿದೆ ಎಂಬುದನ್ನೂ, ವಿನಯದಿಂದಲೇ, ಒಂದು ಸಾಲಿನಲ್ಲಿ ಸೂಚಿಸಿದ್ದೇನೆ.

ಇಂದಿಗೆ ಹದಿನಾರು ದಿನವಾಯಿತು. ಉತ್ತರ ಬಂದಿಲ್ಲ.

ನಿನ್ನೆ ಅಳಿಯ ಬಾಗಲಕೋಟೆಗೆ ಬಂದಿದ್ದ. ಬಿಳಿಯ ಅರಿವೆಯಲ್ಲಿ ಸುತ್ತಿ ತಂದಿದ್ದ ಒಂದು ಮೊಳ ಬಟ್ಟೆಯನ್ನು, ಬಾಗಿಲು ಮುಂದೆ ಮಾಡಿ, ನನಗೆ ತೋರಿಸಿದ. ಹೊಸ ದಡಿ. ಇನ್ನೂ ಯಾರೂ ನೋಡಿಲ್ಲವೆಂದ. ಕೋಲ್ಕತ್ತದ ವಿನ್ಯಾಸ ಕಚೇರಿಗೆ ಅರ್ಜಿ ಹೇಗೆ ಬರೆಯಬೇಕು, ಶುಲ್ಕವೆಷ್ಟು ಎಂದು ಕೇಳಿ ಬರೆದುಕೊಂಡ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಹುಡುಗ ಕೊಂಡಿ ಹಾಕುವುದನ್ನು ಕೈದೂರವಾಣಿಯಲ್ಲಿ ಚಿತ್ರ ಹಿಡಿದು ಎಲ್ಲರಿಗೂ ತೋರಿಸುತ್ತೇನೆಂದು ಹಟ ಹಿಡಿದಿದ್ದಾನೆ ಎಂದ.

"ನೀನೇನಂದಿ?" ಎಂದು ಕೇಳಿದೆ.

"ಬೆಳಕು ಕಡಿಮಿ ಐತಿ, ಮಗ್ಗದ ಹತ್ರ ಇನ್ನೊಂದು ದೀಪ ಹಾಕ್ಬೇಕು ಅಂದೆ" ಎಂದು ಹೇಳಿ ಬಸ್ಸಿನ ಹೊತ್ತಾಯಿತೆಂದು ಹೊರಟುಹೋದ.